ನನ್ನ ಸೀರೆ, ನನ್ನ ಹೆಬ್ಬೆರಳು, ಆದರೆ ಪೇಜು ನನ್ನದಲ್ಲ. ದೂರು ಎಲ್ಲಿ ಕೊಡಬೇಕು?

ಸೆರಗು_ಕೊಂಡಿ, ಇಳಕಲ್
24 ನವೆಂಬರ್ 2025, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯುವ ಪಾಳಿ ನನಗೇ ಬಂದಿದೆ.

ನಮ್ಮದು ಸಣ್ಣ ವ್ಯಾಪಾರ. ಮನೆಯಲ್ಲಿ ಎರಡು ಮಗ್ಗ, ಜೊತೆಗೆ ಆರು ಮನೆಗಳಿಂದ ಸೀರೆ ಕೊಳ್ಳುತ್ತೇವೆ. ಮೂರು ವರ್ಷದಿಂದ ಮಾರಾಟವೆಲ್ಲ ಫೋನಿನಲ್ಲೇ. ಫೋಟೊ ಹಾಕುವ ಒಂದು ಆ್ಯಪ್‌ನಲ್ಲಿ ಪೇಜು ಇದೆ, ಆರ್ಡರ್ ವಾಟ್ಸ್‌ಆ್ಯಪ್‌ಗೆ ಬರುತ್ತದೆ.

ಹೋದ ವಾರ ಧಾರವಾಡದಿಂದ ಒಬ್ಬ ಅಕ್ಕ ಫೋನ್ ಮಾಡಿ ಬೈದರು. "ನೀವು ಕಳಿಸಿದ್ದು ಸೀರೆಯೋ ಕಿಟಕಿ ಪರದೆಯೋ?" ಎಂದರು. ಅವರಿಗೆ ನಾನು ಏನೂ ಕಳಿಸಿಯೇ ಇರಲಿಲ್ಲ. ವಿಚಾರಿಸಿದರೆ ನಮ್ಮ ಪೇಜಿನ ಹೆಸರಿಗೇ ಒಂದು ಚುಕ್ಕೆ ಸೇರಿಸಿ ಇನ್ನೊಂದು ಪೇಜು ಎದ್ದಿದೆ. ಫೋಟೊ ಎಲ್ಲಾ ನನ್ನವೇ. ನಾನು 4,200ಕ್ಕೆ ಮಾರುವ ಚಿಕ್ಕಿ ಪರಾಸ್ ದಡಿಯ ಸೀರೆಗೆ ಅಲ್ಲಿ 1,150. ಬರುವುದು ಪವರ್ ಲೂಮ್ ಮಾಲು, ಅದೂ ಬಂದರೆ.

ನನ್ನ ಫೋಟೊ ಎಂದು ಹೇಗೆ ಗೊತ್ತು ಅಂತೀರಾ? ಸೆರಗು ಹಿಡಿದ ಹೆಬ್ಬೆರಳು ನನ್ನದು. ಯುಗಾದಿ ಹೊತ್ತಿಗೆ ಬಾಗಿಲಿಗೆ ಸಿಕ್ಕು ಉಗುರು ಕಪ್ಪಾಗಿತ್ತು. ಆ ಕಪ್ಪು ಉಗುರು ಅವರ ಪೇಜಿನ ತುಂಬ ಇದೆ. ನಮ್ಮ ಅತ್ತೆ ಮಗ್ಗದ ಮೇಲೆ ಕೂತು ನೇಯುವ ವಿಡಿಯೊನೂ ಎತ್ತಿಕೊಂಡಿದ್ದಾರೆ.

ಆ್ಯಪ್‌ನವರಿಗೆ ನಾಲ್ಕು ಸಲ ರಿಪೋರ್ಟ್ ಮಾಡಿದೆ. ನಾಲ್ಕೂ ಸಲ ಒಂದೇ ಉತ್ತರ: "ಇದು ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ." ಮುಂದೆ ಏನು ಮಾಡಲಿ?

ಗುಮ್ಮಟದ_ಪ್ರತಿಧ್ವನಿ, ವಿಜಯಪುರ
24 ನವೆಂಬರ್, ರಾತ್ರಿ 10:05

ಅಕ್ಕಾವ್ರೇ, ನನ್ನ ಮೊಬೈಲ್ ಅಂಗಡಿಗೂ ಹೀಗೇ ಆಗಿತ್ತು. ನಾನೂ ರಿಪೋರ್ಟ್ ಮಾಡಿದೆ, ನಮ್ಮ ತಮ್ಮನೂ ಮಾಡಿದ, ಗೆಳೆಯರೆಲ್ಲ ಸೇರಿ ಐವತ್ತು ಜನ ಮಾಡಿದೆವು. ಕೊನೆಗೆ ಬಂದ್ ಆಗಿದ್ದು ನನ್ನ ಅಸಲಿ ಪೇಜು! ಆ ದಾರಿಗೆ ಮಾತ್ರ ಹೋಗಬೇಡಿ.

ಕಪ್ಪುಕೋಟು_ಕಾಕಾ, ಬೆಳಗಾವಿ
24 ನವೆಂಬರ್, ರಾತ್ರಿ 11:20

ತಂಗೀ, ನೀನು ಒತ್ತಿದ್ದು ರಿಪೋರ್ಟ್ ಬಟನ್. ಅದು ಆ ಕಂಪನಿಯ ಮನೆಯ ಕಾನೂನು. ನಮ್ಮ ದೇಶದ ಕಾನೂನಿನ ಬಾಗಿಲು ಬೇರೆ ಕಡೆ ಇದೆ.

2021ರ ಫೆಬ್ರವರಿ 25ರಂದು ಬಂದ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ಅವರ ಹೆಸರು, ಸಂಪರ್ಕ ವಿಳಾಸ ಕಾಣುವಂತೆ ಹಾಕಬೇಕು. ಗ್ರೀವನ್ಸ್ ಆಫೀಸರ್ ಎಂದು ಹುಡುಕಿದರೆ ಸಿಗುತ್ತದೆ. ದೂರು ಮುಟ್ಟಿತು ಎಂದು 24 ಗಂಟೆಯೊಳಗೆ ಹೇಳಬೇಕು, 15 ದಿನದೊಳಗೆ ತೀರ್ಮಾನ ಮಾಡಬೇಕು. ತೀರ್ಮಾನ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಅದನ್ನು ಜಿಎಸಿ ಎನ್ನುತ್ತಾರೆ. ಎಲ್ಲಾ ಆನ್‌ಲೈನ್, ದೆಹಲಿಗೆ ಹೋಗುವುದು ಬೇಡ.

ಈಗ ನಿನಗೆ ಬೇಕಾದ ಮಾತು. ನೀನು ದೂರಿನಲ್ಲಿ "ನನ್ನ ಸೀರೆ ಫೋಟೊ ಕದ್ದಿದ್ದಾರೆ" ಎಂದು ಬರೆದಿದ್ದೀ ಅಂತ ನನ್ನ ಅಂದಾಜು. ಅದು ನಿಜ, ಆದರೆ ಅದಕ್ಕೆ ದಾರಿ ಉದ್ದ. ಅತ್ತೆಯ ಮುಖದಿಂದ ಶುರು ಮಾಡು. ಒಬ್ಬ ವ್ಯಕ್ತಿಯ ವೇಷ ಹಾಕಿ ಮೋಸ ಮಾಡುವ ವಿಷಯಕ್ಕೆ ಅದೇ ನಿಯಮಗಳಲ್ಲಿ 24 ಗಂಟೆಯ ಗಡುವು ಇದೆ. ಆ ವ್ಯಕ್ತಿ ಇಲ್ಲವೇ ಅವರ ಪರವಾಗಿ ಇನ್ನೊಬ್ಬರು ದೂರು ಕೊಡಬಹುದು. "ಈ ಪೇಜು ನಾವೇ ಎಂದು ಹೇಳಿಕೊಂಡು, ನಮ್ಮ ಅತ್ತೆಯವರ ಮುಖ ತೋರಿಸಿ ಹಣ ತೆಗೆದುಕೊಳ್ಳುತ್ತಿದೆ" ಎಂದು ಬರೆ. ಸೀರೆಯ ಸುದ್ದಿ ಎರಡನೇ ಪ್ಯಾರಾಕ್ಕೆ.

ಸ್ಕ್ರೀನ್‌ಶಾಟ್ ತೆಗೆಯುವಾಗ ಪೇಜಿನ ಪೂರ್ತಿ ಲಿಂಕ್, ದಿನಾಂಕ, ಸಮಯ ಕಾಣಬೇಕು. ಇಂಥವರು ಪೇಜಿನ ಹೆಸರನ್ನು ರಾತ್ರೋರಾತ್ರಿ ಬದಲಿಸುತ್ತಾರೆ.

ಸೆರಗು_ಕೊಂಡಿ
24 ನವೆಂಬರ್, ರಾತ್ರಿ 11:32

ಕಾಕಾ, ಅಂದಾಜು ಸರಿ ಇದೆ. ನಾಲ್ಕು ಸಲವೂ ಸೀರೆ ಎಂದೇ ಬರೆದಿದ್ದೆ.

ಘಟಪ್ರಭಾ_ದಂಡೆ, ಗೋಕಾಕ
25 ನವೆಂಬರ್, ಬೆಳಿಗ್ಗೆ 7:15

ಧಾರವಾಡದ ಅಕ್ಕ ಹಣ ಕಳೆದುಕೊಂಡು ಎಷ್ಟು ದಿನ ಆಯಿತು? ಅವರು 1930ಕ್ಕೆ ಫೋನ್ ಮಾಡಿದರಾ? ಸೈಬರ್ ಮೋಸದ ಸಹಾಯವಾಣಿ ಅದು. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಕೂತಿದ್ದರೆ ತಡೆಹಿಡಿಯುತ್ತಾರೆ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ವಾರ ಕಳೆದರೆ ಹಣ ನಾಲ್ಕು ಖಾತೆ ದಾಟಿರುತ್ತದೆ. ಆದರೂ ದೂರು ಇರಲಿ. ಆಮೇಲೆ ಜಿಲ್ಲೆಯ ಸಿಇಎನ್ ಠಾಣೆ, ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ ಅದು.

ಕಪ್ಪುಕೋಟು_ಕಾಕಾ
25 ನವೆಂಬರ್, ಬೆಳಿಗ್ಗೆ 8:02

ಹೌದು, ಇದು ಎಲ್ಲಕ್ಕಿಂತ ಮೊದಲು ಹೇಳಬೇಕಿತ್ತು, ನನ್ನ ತಪ್ಪು. ಠಾಣೆಗೆ ಹೋದಾಗ ಐಟಿ ಕಾಯ್ದೆಯ 66ಡಿ ಎಂದು ಹೇಳು. ಕಂಪ್ಯೂಟರ್ ಬಳಸಿ ಇನ್ನೊಬ್ಬರ ವೇಷದಲ್ಲಿ ವಂಚಿಸುವುದು. ಮೂರು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ಯಾರಾದರೂ "66ಎ ಹಾಕಿಸಿ" ಎಂದು ಸಲಹೆ ಕೊಟ್ಟರೆ ಕೈ ಮುಗಿದು ಹೊರಡು. ಆನ್‌ಲೈನ್‌ನಲ್ಲಿ ಮನ ನೋಯಿಸುವ ಸಂದೇಶಕ್ಕೆ ಶಿಕ್ಷೆ ಹೇಳುತ್ತಿದ್ದ ಕಲಂ ಅದು. ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದು ಮಾಡಿದೆ. ಹತ್ತು ವರ್ಷ ಆಯಿತು, ಆದರೂ ಕಟ್ಟೆ ವಕೀಲರ ಬಾಯಿಂದ ಹೋಗಿಲ್ಲ.

ನಿಪ್ಪಾಣಿ_ಪಾರ್ಸಲ್, ನಿಪ್ಪಾಣಿ
25 ನವೆಂಬರ್, ಬೆಳಿಗ್ಗೆ 9:48

ಫೋಟೊ ತೆಗೆದವರು ಯಾರು? ಸುಮ್ನೆ ಕೇಳುತ್ತಿಲ್ಲ. ನನ್ನ ಬೆಲ್ಲದ ಫೋಟೊಗಳ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಿತ್ತು.

ಸೆರಗು_ಕೊಂಡಿ
25 ನವೆಂಬರ್, ಮಧ್ಯಾಹ್ನ 1:10

ಅರ್ಧ ನಾನು, ಅರ್ಧ ನಮ್ಮ ಅಕ್ಕನ ಮಗ. ದುಡ್ಡು ಕೊಟ್ಟಿಲ್ಲ. ಊಟ ಹಾಕಿದ್ದೇನೆ.

ಕಪ್ಪುಕೋಟು_ಕಾಕಾ
25 ನವೆಂಬರ್, ಮಧ್ಯಾಹ್ನ 2:30

1957ರ ಕಾಪಿರೈಟ್ ಕಾಯ್ದೆಯಲ್ಲಿ ಫೋಟೊ ತೆಗೆದವನೇ ಮಾಲೀಕ. ನೀನು ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ನೀನು ಮಾಲೀಕಳು. ಊಟದ ಲೆಕ್ಕ ಕೋರ್ಟಿನಲ್ಲಿ ವಾದ ಮಾಡಲು ಚಂದ, ಆದರೆ ಬೇಡ. ಹುಡುಗನಿಂದ ಒಂದು ಹಾಳೆಯಲ್ಲಿ ಹಕ್ಕು ಬರೆಸಿಕೋ, ಸಹಿ ಹಾಕಿಸು.

ಕಾಪಿರೈಟ್‌ಗೆ ನೋಂದಣಿ ಕಡ್ಡಾಯ ಅಲ್ಲ. ಲಿಖಿತ ದೂರು ಸಿಕ್ಕ ಮೇಲೆ ಕಂಪನಿ 36 ಗಂಟೆಯೊಳಗೆ ಆ ಫೋಟೊ ಕಾಣದಂತೆ ಮಾಡಬೇಕು. ಆದರೆ 21 ದಿನದೊಳಗೆ ನೀನು ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ಹಾಕಬಹುದು. ಅದಕ್ಕೇ ನಿನ್ನೆ ದಾರಿ ಉದ್ದ ಎಂದಿದ್ದು.

ತೆರಿಗೆ_ತಂಗಿ, ಜಮಖಂಡಿ
25 ನವೆಂಬರ್, ಸಂಜೆ 6:20

ಬೇಜಾರು ಮಾಡಿಕೊಳ್ಳಬೇಡಿ ಅಕ್ಕಾ. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು, ಕಣ್ಣು ಬೇಡ ಎಂದರೂ ಅಲ್ಲಿಗೇ ಹೋಗುತ್ತದೆ. ನಿಮ್ಮ ಅಸಲಿ ಪೇಜು ನೋಡಿದೆ. ವಿಳಾಸ ಇಲ್ಲ. ಪೂರ್ತಿ ಹೆಸರು ಇಲ್ಲ. ಬೆಲೆ ಕೇಳಿದವರಿಗೆ "ಇನ್‌ಬಾಕ್ಸ್ ನೋಡಿ". ಮೇಲೆ ದಪ್ಪ ಅಕ್ಷರದಲ್ಲಿ "ನೋ ರಿಟರ್ನ್, ನೋ ಎಕ್ಸ್‌ಚೇಂಜ್".

ನಕಲಿ ಪೇಜಿನಲ್ಲಿ ಹುಬ್ಬಳ್ಳಿಯದೊಂದು ವಿಳಾಸ ಇದೆ. ಸುಳ್ಳೇ ಇರಬಹುದು. ಆದರೆ ಪರಿಚಯ ಇಲ್ಲದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಅಸಲಿ ಎನ್ನುತ್ತಾರೆ?

ಸೆರಗು_ಕೊಂಡಿ
25 ನವೆಂಬರ್, ಸಂಜೆ 6:41

ಇದನ್ನು ಓದಿ ಐದು ನಿಮಿಷ ಫೋನ್ ಕೆಳಗಿಟ್ಟೆ.

ಆದರೆ ತಂಗೀ, ಆ ನಿಯಮಗಳೆಲ್ಲ ದೊಡ್ಡ ಕಂಪನಿಗಳಿಗೆ ಅಲ್ವಾ? ನಾನು ವಾಟ್ಸ್‌ಆ್ಯಪ್‌ನಲ್ಲಿ ಸೀರೆ ಮಾರುವವಳು.

ತೆರಿಗೆ_ತಂಗಿ
25 ನವೆಂಬರ್, ಸಂಜೆ 7:15

ಎಲ್ಲರೂ ಹೀಗೇ ಅಂದುಕೊಂಡಿರುತ್ತಾರೆ. 2020ರ ಜುಲೈನಲ್ಲಿ ಇ-ಕಾಮರ್ಸ್ ಗ್ರಾಹಕ ಸಂರಕ್ಷಣೆ ನಿಯಮಗಳು ಬಂದವು. ಅದರಲ್ಲಿ ಬಿಟ್ಟಿರುವುದು ಯಾರನ್ನು? ಯಾವಾಗಲೋ ಒಂದು ಹಳೆ ಸೋಫಾ ಮಾರಿದವರನ್ನು. ಸ್ವಂತಕ್ಕೆ ಮಾರಿದ್ದು, ವ್ಯಾಪಾರ ಅಲ್ಲ, ಅಂಥದ್ದು. ನೀವು ಮೂರು ವರ್ಷದಿಂದ ಪ್ರತಿ ವಾರ ಮಾರುತ್ತಿದ್ದೀರಿ.

ಇನ್ನು "ನೋ ರಿಟರ್ನ್" ಬೋರ್ಡು. ಮಾಲು ಕೆಟ್ಟಿದ್ದರೆ, ತೋರಿಸಿದ್ದೇ ಒಂದು ಬಂದಿದ್ದೇ ಒಂದು ಆದರೆ, ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವ ಹಾಗಿಲ್ಲ. ಬೋರ್ಡು ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಜಿಎಸ್‌ಟಿ ಮಾಡಿಸಿದ್ದೀರಾ?

ಸೆರಗು_ಕೊಂಡಿ
25 ನವೆಂಬರ್, ಸಂಜೆ 7:20

ವರ್ಷಕ್ಕೆ 9 ಲಕ್ಷದ ವ್ಯಾಪಾರ. 40 ಲಕ್ಷದವರೆಗೆ ಬೇಡ ಎಂದು ಎಲ್ಲರೂ ಹೇಳಿದರು.

ನಿಪ್ಪಾಣಿ_ಪಾರ್ಸಲ್
25 ನವೆಂಬರ್, ರಾತ್ರಿ 8:05

ಆ "ಎಲ್ಲರೂ" ನನಗೂ ಹೇಳಿದ್ದರು! ನಮ್ಮೂರಿಂದ ಕೊಲ್ಲಾಪುರಕ್ಕೆ ನಲವತ್ತು ಕಿಲೋಮೀಟರ್ ಚಿಲ್ಲರೆ. ಬೆಳಿಗ್ಗೆ ಹೋಗಿ ಊಟಕ್ಕೆ ಮನೆಗೆ ಬರುತ್ತೇವೆ. ನನ್ನ ಅತ್ತಿಗೆಯ ತವರು ಅದೇ. ಬೆಂಗಳೂರು ಆರುನೂರು ಕಿಲೋಮೀಟರ್ ಆಸುಪಾಸು. ಆದರೆ ಬೆಲ್ಲದ ಡಬ್ಬಿ ಬೆಂಗಳೂರಿಗೆ ಹೋದರೆ ರಾಜ್ಯದೊಳಗೆ, ಕೊಲ್ಲಾಪುರಕ್ಕೆ ಹೋದರೆ ಅಂತರರಾಜ್ಯ ವ್ಯಾಪಾರ. ತೆರಿಗೆ ಬೀಳುವ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ ಆ 40 ಲಕ್ಷದ ಮಿತಿ ಕೆಲಸಕ್ಕೆ ಬರುವುದಿಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಬೆಂಗಳೂರಿನಲ್ಲಿ ಕೂತವರಿಗೆ ಗಡಿಯ ಈ ತಾಪತ್ರಯ ತಿಳಿಯುವುದಿಲ್ಲ.

ತೆರಿಗೆ_ತಂಗಿ
25 ನವೆಂಬರ್, ರಾತ್ರಿ 8:30

ಅಣ್ಣ ಹೇಳಿದ್ದು ಸರಿ. ಸೊಲ್ಲಾಪುರ, ಸಾಂಗ್ಲಿ, ಪುಣೆಗೆ ಸೀರೆ ಕಳಿಸುತ್ತಿದ್ದರೆ ಯೋಚನೆ ಮಾಡಲೇಬೇಕು. ಕರಕುಶಲ ವಸ್ತುಗಳಿಗೆ ಒಂದಷ್ಟು ವಿನಾಯಿತಿ ಇದೆ. ಬಿಲ್ಲು, ಎಚ್‌ಎಸ್‌ಎನ್ ಕೋಡ್ (ಸರಕು ಯಾವ ವರ್ಗದ್ದು ಎಂದು ಹೇಳುವ ತೆರಿಗೆ ಸಂಖ್ಯೆ) ಹಿಡಿದುಕೊಂಡು ಆಡಿಟರ್ ಹತ್ತಿರ ಕೂತು ನೋಡಿಸಿ.

ಇನ್ನೊಂದು ಸಿಹಿ ಸುದ್ದಿ. ದೊಡ್ಡ ಮಾರಾಟ ಆ್ಯಪ್‌ಗಳಲ್ಲಿ ಅಂಗಡಿ ಇಡಲು ಮೊದಲೆಲ್ಲ ಎಷ್ಟೇ ಸಣ್ಣವರಿದ್ದರೂ ಜಿಎಸ್‌ಟಿ ಕಡ್ಡಾಯ ಇತ್ತು. 2023ರ ಅಕ್ಟೋಬರ್ 1ರಿಂದ ಆ ಕಟ್ಟು ಸಡಿಲ ಆಗಿದೆ. ಮಿತಿಯೊಳಗಿದ್ದು ರಾಜ್ಯದೊಳಗೇ ಮಾರುವುದಾದರೆ ಬರೀ ಒಂದು ಎನ್‌ರೋಲ್‌ಮೆಂಟ್ ನಂಬರ್ ಸಾಕು.

ಗುಮ್ಮಟದ_ಪ್ರತಿಧ್ವನಿ
25 ನವೆಂಬರ್, ರಾತ್ರಿ 9:12

ಹೋದ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನವರು ಕ್ಯೂಆರ್ ಕೋಡ್ ಕಿತ್ತು "ಬರೀ ಕ್ಯಾಶ್" ಎಂದು ಬರೆದರು. ನನ್ನ ಪಕ್ಕದ ಚಹಾದ ಅಂಗಡಿ ಮಾಮಾ ನೋಟಿಸ್ ಬರುವ ಮೊದಲೇ ಹೆದರಿ ಕ್ಯೂಆರ್ ಮೇಲೆ ಬಸವಣ್ಣನ ಫೋಟೊ ಅಂಟಿಸಿದ. ಈಗ ಗಿರಾಕಿಗಳು ಫೋಟೊ ಸರಿಸಿ ಸ್ಕ್ಯಾನ್ ಮಾಡುತ್ತಾರೆ.

ಕಟ್ಟೆ_ಕಾವಲು, ನಿರ್ವಾಹಕ
25 ನವೆಂಬರ್, ರಾತ್ರಿ 9:30

ವಿಷಯಕ್ಕೆ ಬನ್ನಿ ಮಾರಾಯರೇ. (ಮಾಮಾನ ಕಥೆ ಚೆನ್ನಾಗಿದೆ, ಅಳಿಸುವುದಿಲ್ಲ.)

ಕುಂದಾ_ರೀಲ್ಸ್, ಬೆಳಗಾವಿ
27 ನವೆಂಬರ್, ಬೆಳಿಗ್ಗೆ 11:00

ನನ್ನದೂ ಒಂದು ಪ್ರಶ್ನೆ ಇಲ್ಲೇ ಕೇಳುತ್ತೇನೆ. ನಾನು ಖಾನಾವಳಿ, ಕುಂದಾ, ಕರದಂಟಿನ ರೀಲ್ಸ್ ಮಾಡುತ್ತೇನೆ. ನಲವತ್ತು ಸಾವಿರ ಫಾಲೋವರ್ಸ್. ಮನೆಯಲ್ಲಿ ಕರದಂಟು ಮಾಡಿ ಮಾರುವ ಒಬ್ಬರು ಎರಡು ಕಿಲೋ ಕರದಂಟು, ಮೇಲೆ 3,000 ಕೊಟ್ಟು ವಿಡಿಯೊ ಮಾಡಿಸಿದರು. ಕೆಳಗೆ ಒಬ್ಬರು "ಜಾಹೀರಾತು ಎಂದು ಹಾಕಿಲ್ಲ, ದಂಡ ಬೀಳುತ್ತೆ" ಎಂದು ಬರೆದಿದ್ದಾರೆ. ಹೆದರಿಸುತ್ತಿದ್ದಾರಾ, ನಿಜವಾ?

ಕಪ್ಪುಕೋಟು_ಕಾಕಾ
27 ನವೆಂಬರ್, ಮಧ್ಯಾಹ್ನ 12:40

ನಿಜಾನೇ. ಹಣ ತೆಗೆದುಕೊಂಡರೂ ಅಷ್ಟೇ, ಬರೀ ಎರಡು ಕಿಲೋ ಕರದಂಟು ತಿಂದಿದ್ದರೂ ಅಷ್ಟೇ. ಕೊಡುವವರ ಜೊತೆ ಕೊಟ್ಟು ತೆಗೆದುಕೊಳ್ಳುವ ಸಂಬಂಧ ಇದ್ದರೆ ನೋಡುಗರಿಗೆ ಹೇಳಬೇಕು. 2022ರ ಜೂನ್‌ನ ಜಾಹೀರಾತು ಮಾರ್ಗಸೂಚಿ, ಆಮೇಲೆ 2023ರ ಜನವರಿಯಲ್ಲಿ ಬಂದ ಇನ್‌ಫ್ಲೂಯೆನ್ಸರ್ ಕೈಪಿಡಿ, ಎರಡರಲ್ಲೂ ಈ ವಿಷಯ ಇದೆ. ಹ್ಯಾಶ್‌ಟ್ಯಾಗ್ ರಾಶಿಯೊಳಗೆ ಬಚ್ಚಿಡಬಾರದು. ವಿಡಿಯೊ ಆದರೆ ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು. ನೀನು ಕನ್ನಡದಲ್ಲಿ ಮಾತಾಡುವವನು, ಕನ್ನಡದಲ್ಲೇ "ಇದು ಜಾಹೀರಾತು" ಎಂದು ಹೇಳು.

ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ನಿನ್ನ ಮೂರು ಸಾವಿರದ ವಿಡಿಯೊಗೆ ಯಾರೂ ಬಾಗಿಲು ಬಡಿಯಲಿಕ್ಕಿಲ್ಲ. ಆದರೆ ಹಾಕಿದರೆ ಕಳೆದುಕೊಳ್ಳುವುದೇನು?

ಅವರ ಪೊಟ್ಟಣದ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದೆಯಾ ನೋಡು. ಸಣ್ಣ ವ್ಯಾಪಾರಕ್ಕೆ ನೂರು ರೂಪಾಯಿಯ ನೋಂದಣಿ ಸಾಕು. ಮನೆಯಲ್ಲಿ ಮಾಡಿದ್ದು ಎಂದರೆ ವಿನಾಯಿತಿ ಇಲ್ಲ.

ಕುಂದಾ_ರೀಲ್ಸ್
27 ನವೆಂಬರ್, ಮಧ್ಯಾಹ್ನ 1:15

ಕಾಕಾ, ಇನ್ನೊಂದು ಆಫರ್ ಬಂದಿದೆ. ಯಾವುದೋ ಗೇಮ್ ಆ್ಯಪ್. ಒಂದು ವಿಡಿಯೊಗೆ 25,000. "ಇದು ಸ್ಕಿಲ್ ಗೇಮ್ ಬ್ರೋ" ಅಂತಿದ್ದಾನೆ.

ಕಪ್ಪುಕೋಟು_ಕಾಕಾ
27 ನವೆಂಬರ್, ಮಧ್ಯಾಹ್ನ 1:22

ಬೇಡವೇ ಬೇಡ. ಹಣ ಕಟ್ಟಿ ಹಣ ಗೆಲ್ಲುವ ಆಟವಾ ಅಲ್ಲವಾ, ಅಷ್ಟು ನೋಡು. ಸ್ಕಿಲ್ಲೋ ನಸೀಬೋ ಎಂಬ ವ್ಯತ್ಯಾಸವನ್ನೇ ಹೊಸ ಆನ್‌ಲೈನ್ ಗೇಮಿಂಗ್ ಕಾಯ್ದೆ ತೆಗೆದುಹಾಕಿದೆ. ಆಗಸ್ಟ್ 22ಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವನಿಗೆ ಎರಡು ವರ್ಷದವರೆಗೆ, 50 ಲಕ್ಷದವರೆಗೆ. ನಡೆಸುವವನು ಎಲ್ಲೋ ಹೊರದೇಶದಲ್ಲಿ ಇರುತ್ತಾನೆ. ಮುಖ ತೋರಿಸಿದವನು ಬೆಳಗಾವಿಯಲ್ಲಿ ಕುಂದಾ ತಿನ್ನುತ್ತಾ ಕೂತಿರುತ್ತಾನೆ. ಪೊಲೀಸರಿಗೆ ಯಾರು ಹತ್ತಿರ?

ಕುಂದಾ_ರೀಲ್ಸ್
27 ನವೆಂಬರ್, ಮಧ್ಯಾಹ್ನ 1:25

ಬ್ಲಾಕ್ ಮಾಡಿದೆ ಕಾಕಾ.

ಸೆರಗು_ಕೊಂಡಿ
29 ನವೆಂಬರ್, ರಾತ್ರಿ 8:50

ಎಲ್ಲರಿಗೂ ಒಂದು ಸುದ್ದಿ. ಕಾಕಾ ಹೇಳಿದ ಹಾಗೆ ಅತ್ತೆಯ ಹೆಸರಿನಲ್ಲಿ ದೂರು ಬರೆದೆ. ಅವರ ಗುರುತಿನ ಚೀಟಿ, ಎರಡೂ ಪೇಜಿನ ಲಿಂಕ್, ಹಳೆಯ ವಿಡಿಯೊದ ದಿನಾಂಕ, ಎಲ್ಲಾ ಸೇರಿಸಿ ಗ್ರೀವನ್ಸ್ ಆಫೀಸರ್‌ಗೆ ಇ-ಮೇಲ್ ಮಾಡಿದೆ. ನಿನ್ನೆ ಬೆಳಿಗ್ಗೆ ಹತ್ತಕ್ಕೆ ಕಳಿಸಿದ್ದು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಆ ಪೇಜು ಇಲ್ಲ! ನಾಲ್ಕು ಸಲ ರಿಪೋರ್ಟ್ ಮಾಡಿ ಆಗದ್ದು ಒಂದು ಇ-ಮೇಲ್‌ಗೆ ಆಯಿತು.

ಧಾರವಾಡದ ಅಕ್ಕ 1930ಕ್ಕೆ ದೂರು ಕೊಟ್ಟರು. ಅವರ ಹಣ ಮುಂದೆ ಹೋಗಿಬಿಟ್ಟಿತ್ತು. ಸಿಂದಗಿಯ ಇನ್ನೊಬ್ಬರು ಮೋಸ ಹೋದ ದಿನವೇ ಫೋನ್ ಮಾಡಿದ್ದರಂತೆ. ಅವರ 1,150 ತಡೆಹಿಡಿದಿದ್ದಾರೆ.

ನನ್ನ ಪೇಜಿಗೆ ಹೆಸರು, ವಿಳಾಸ, ಫೋನ್ ಹಾಕಿದೆ. "ನೋ ರಿಟರ್ನ್" ತೆಗೆದೆ. ತೆಗೆಯುವಾಗ ಹೊಟ್ಟೆ ಉರಿಯಿತು. ಒಂದು ಸಲ ಮದುವೆಯಲ್ಲಿ ಉಟ್ಟು, ಅರಿಶಿನ ಹತ್ತಿದ ಸೀರೆ ವಾಪಸ್ ಕಳಿಸಿದ್ದರು. ಅದಕ್ಕೇ ಹಾಕಿದ್ದು ಆ ಬೋರ್ಡು.

ತೆರಿಗೆ_ತಂಗಿ
29 ನವೆಂಬರ್, ರಾತ್ರಿ 9:10

ಅರಿಶಿನ ಹತ್ತಿದ್ದನ್ನು ವಾಪಸ್ ತೆಗೆದುಕೊಳ್ಳಿ ಎಂದು ಕಾನೂನು ಹೇಳುವುದಿಲ್ಲ ಅಕ್ಕಾ! ಪ್ಯಾಕ್ ಮಾಡುವಾಗ ಸೆರಗು, ಒಡಲು, ದಡಿ ಮೂರೂ ಕಾಣುವಂತೆ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ.

ಘಟಪ್ರಭಾ_ದಂಡೆ
30 ನವೆಂಬರ್, ಬೆಳಿಗ್ಗೆ 7:40

ಒಳ್ಳೆಯದಾಯಿತು. ಆದರೆ ನನ್ನದೊಂದು ತಕರಾರು. ಬೇಗ ತೆಗೆಯಿರಿ, ಬೇಗ ತೆಗೆಯಿರಿ ಎಂದು ನಾವೆಲ್ಲ ಕೂಗುತ್ತೇವೆ. ಅದೇ ಕತ್ತರಿ ನಾಳೆ ನಮ್ಮ ಕಡೆ ತಿರುಗಿದರೆ? ನಾನು ಊರಿನ ರಸ್ತೆ ಗುಂಡಿಯ ವಿಡಿಯೊ ಹಾಕುತ್ತೇನೆ. ಪೋಸ್ಟ್ ತೆಗೆಯಿರಿ ಎಂದು ಕಂಪನಿಗಳಿಗೆ ಸೂಚನೆ ಕಳಿಸಲು ಸರ್ಕಾರ ಮಾಡಿದ ಸಹಯೋಗ್ ಪೋರ್ಟಲ್‌ನಲ್ಲಿ ಯಾರೋ ಅಧಿಕಾರಿ ಒಂದು ಸಾಲು ಬರೆದರೆ ಮುಗಿಯಿತು. ಎಕ್ಸ್ (ಮೊದಲಿನ ಟ್ವಿಟರ್) ಕಂಪನಿ ಇದನ್ನೇ ಹಿಡಿದು ನಮ್ಮ ಹೈಕೋರ್ಟಿಗೆ ಹೋಗಿತ್ತು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ನಾಗಪ್ರಸನ್ನ ಅವರು ಅರ್ಜಿ ವಜಾ ಮಾಡಿದರು. ಕಂಪನಿಯ ಜೇಬಿನ ಚಿಂತೆ ನನಗಿಲ್ಲ. ಗುಂಡಿಯ ಚಿಂತೆ ಇದೆ.

ಕಪ್ಪುಕೋಟು_ಕಾಕಾ
30 ನವೆಂಬರ್, ಬೆಳಿಗ್ಗೆ 9:05

ನಿನ್ನ ಭಯ ಸುಳ್ಳಲ್ಲ. ಸ್ವಲ್ಪ ಬಿಗಿ ಆಗಿದೆ ಅಷ್ಟೇ. ಈ ನವೆಂಬರ್ 15ರಿಂದ ಅಂಥ ಸೂಚನೆ ಕಳಿಸಲು ಜಂಟಿ ಕಾರ್ಯದರ್ಶಿ ದರ್ಜೆಯ ಅಧಿಕಾರಿ ಬೇಕು, ಪೊಲೀಸರಲ್ಲಾದರೆ ಡಿಐಜಿಗಿಂತ ಕೆಳಗಿನವರು ಕಳಿಸುವ ಹಾಗಿಲ್ಲ. ಕಾರಣ ಬರೆಯಬೇಕು, ಯಾವ ಲಿಂಕ್ ಎಂದು ಹೇಳಬೇಕು. ಇನ್‌ಸ್ಪೆಕ್ಟರ್ ಸಿಟ್ಟಿಗೆ ನಿನ್ನ ಗುಂಡಿ ಮಾಯ ಆಗುವುದಿಲ್ಲ. ಡಿಐಜಿಗೇ ಸಿಟ್ಟು ಬಂದರೆ ಏನು ಎಂದು ಕೇಳಬೇಡ. ಆಗ ನನಗೆ ಫೀಸು ಕೊಟ್ಟು ಧಾರವಾಡ ಪೀಠಕ್ಕೆ ಬಾ.

ಬೈಕ್_ಬಸ್ಯಾ, ಬೆಳಗಾವಿ
30 ನವೆಂಬರ್, ರಾತ್ರಿ 11:50

ಈಗ ಡ್ಯೂಟಿ ಮುಗಿಯಿತು, ಎಲ್ಲಾ ಒಟ್ಟಿಗೆ ಓದಿದೆ. ನಮ್ಮಂಥವರಿಗೂ ಏನಾದರೂ ಇದೆಯಾ? ಖಾನಾಪುರ ರೋಡಿನಲ್ಲಿ ಮಳೆಗೆ ಬಿದ್ದು ಎರಡು ಆರ್ಡರ್ ತಡ ಆಯಿತು. ಬೆಳಿಗ್ಗೆ ಎದ್ದರೆ ಐಡಿ ಬಂದ್. ಫೋನ್ ಎತ್ತುವವರೂ ಇಲ್ಲ.

ತೆರಿಗೆ_ತಂಗಿ
1 ಡಿಸೆಂಬರ್, ಬೆಳಿಗ್ಗೆ 8:15

ಇದೆ ಬಸಣ್ಣಾ. ಗಿಗ್ ಕಾರ್ಮಿಕರಿಗೆಂದು, ಅಂದರೆ ನಿಮ್ಮ ಹಾಗೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರಿಗೆಂದು, ನಮ್ಮ ರಾಜ್ಯ ಈ ವರ್ಷವೇ ಕಾಯ್ದೆ ಮಾಡಿದೆ. ಮೊದಲು ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ. ಕೆಲಸದಿಂದ ತೆಗೆಯುವುದಾದರೆ ಲಿಖಿತವಾಗಿ ಕಾರಣ ಕೊಟ್ಟು 14 ದಿನ ಮೊದಲು ತಿಳಿಸಬೇಕು. ಪ್ರತಿ ವ್ಯವಹಾರದಲ್ಲಿ ನಿಮಗೆ ಕೊಡುವ ಹಣದ ಲೆಕ್ಕದ ಮೇಲೆ ಕಂಪನಿ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ಐಡಿ ಬಂದ್ ಆದ ಸ್ಕ್ರೀನ್ ಫೋಟೊ, ಆವತ್ತಿನ ಆರ್ಡರ್ ನಂಬರ್ ಇಟ್ಟುಕೊಂಡು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ.

ಬೈಕ್_ಬಸ್ಯಾ
1 ಡಿಸೆಂಬರ್, ಬೆಳಿಗ್ಗೆ 8:20

ಹೋಗುತ್ತೇನೆ ಅಕ್ಕಾ. ಅಧಿವೇಶನ 8ನೇ ತಾರೀಖಿಗೆ ಶುರು. ಸುವರ್ಣಸೌಧದ ಕಡೆ ಹೈವೇ ಜಾಮ್ ಆಗುವ ಮೊದಲೇ ಹೋಗಿ ಬರಬೇಕು.

ಗುಮ್ಮಟದ_ಪ್ರತಿಧ್ವನಿ
1 ಡಿಸೆಂಬರ್, ಮಧ್ಯಾಹ್ನ 3:00

ಅಂಗಡಿಗೆ ಬಂದ ಒಬ್ಬರು "ಗಿರಾಕಿಗಳ ನಂಬರ್ ಇಟ್ಟುಕೊಂಡರೆ 250 ಕೋಟಿ ದಂಡ" ಎಂದು ಹೇಳಿ ಹೋದರು. ನನ್ನ ಹತ್ತಿರ ರಿಪೇರಿಗೆ ಕೊಟ್ಟವರ ಎರಡು ಸಾವಿರ ನಂಬರ್ ಇದೆ. ಗೋಳಗುಮ್ಮಟ ಮಾರಿದರೂ ಅಷ್ಟು ಹಣ ಹುಟ್ಟುವುದಿಲ್ಲ.

ಕಪ್ಪುಕೋಟು_ಕಾಕಾ
1 ಡಿಸೆಂಬರ್, ಸಂಜೆ 5:30

250 ಕೋಟಿ ಎನ್ನುವುದು ಮೇಲಿನ ಮಿತಿ. ಜನರ ಮಾಹಿತಿಯನ್ನು ಕಾಯದೆ ಸೋರಿಹೋಗಲು ಬಿಟ್ಟವರಿಗೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಅದು. ನಿಯಮಗಳು ಹೋದ ತಿಂಗಳು, ನವೆಂಬರ್ ಮಧ್ಯದಲ್ಲಿ ಬಂದವು. ಮುಖ್ಯ ಕಟ್ಟಳೆಗಳು ಜಾರಿಯಾಗಲು 18 ತಿಂಗಳು ಇದೆ. ಅಲ್ಲಿಗೆ 2027ರ ಮೇ.

ವಹಿಯಲ್ಲಿ ಪೆನ್ನಿನಿಂದ ಬರೆದ ನಂಬರ್ ಇದರೊಳಗೆ ಬರುವುದಿಲ್ಲ. ಅದನ್ನೇ ಫೋನಿಗೋ ಕಂಪ್ಯೂಟರಿಗೋ ಏರಿಸಿದರೆ ಬರುತ್ತದೆ. ರಿಪೇರಿ ಆಯಿತು ಎಂದು ತಿಳಿಸಲು ಕೊಟ್ಟ ನಂಬರಿಗೆ ದಿನಾ ಬೆಳಿಗ್ಗೆ ಕವರ್, ಗ್ಲಾಸ್ ಆಫರ್ ಕಳಿಸುವುದು ಬೇರೆ ವಿಷಯ. ಅದಕ್ಕೆ ಅವರನ್ನು ಕೇಳಬೇಕು, ಬೇಡ ಎಂದರೆ ಬಿಡಬೇಕು. ನೀನು ನನಗೆ ದಿನಾ ಕಳಿಸುತ್ತೀ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಗುಮ್ಮಟದ_ಪ್ರತಿಧ್ವನಿ
1 ಡಿಸೆಂಬರ್, ಸಂಜೆ 5:34

ಕಾಕಾ!! ಆ ಬೆಳಗಾವಿಯ ನಂಬರ್ ನಿಮ್ಮದಾ?

ನಿಪ್ಪಾಣಿ_ಪಾರ್ಸಲ್
3 ಡಿಸೆಂಬರ್, ಬೆಳಿಗ್ಗೆ 10:10

ಅಕ್ಕಾ, ಇಳಕಲ್ ಸೀರೆ ಎಂದರೆ ಜಿಐ (ಭೌಗೋಳಿಕ ಗುರುತು) ಇರುವ ಹೆಸರು ಅಲ್ವಾ? ಪವರ್ ಲೂಮ್ ಮಾಲಿಗೆ ಆ ಹೆಸರು ಹಾಕಿ ಮಾರುವುದೇ ಅಪರಾಧ ಇರಬೇಕಲ್ಲ.

ಕಪ್ಪುಕೋಟು_ಕಾಕಾ
3 ಡಿಸೆಂಬರ್, ಬೆಳಿಗ್ಗೆ 11:45

ಹೌದು. 1999ರ ಜಿಐ ಕಾಯ್ದೆಯಲ್ಲಿ ಸುಳ್ಳು ಜಿಐ ಹೆಸರು ಹಚ್ಚಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಎರಡು ಲಕ್ಷ ದಂಡ. ಕಾಗದದ ಮೇಲೆ ಗಟ್ಟಿ ಕಾನೂನು.

ಆದರೆ ತಂಗೀ, ನೀನು ಅಧಿಕೃತ ಬಳಕೆದಾರಳು ಎಂದು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿದ್ದೀಯಾ? ಅರ್ಜಿ ಶುಲ್ಕವನ್ನು 2020ರಲ್ಲಿ 500ರಿಂದ ಹತ್ತು ರೂಪಾಯಿಗೆ ಇಳಿಸಿದ್ದಾರೆ. ಅತ್ತೆಯ ಹೆಸರಿನಲ್ಲಿ ಮಾಡಿಸು, ನೇಯುವವರು ಅವರು. ನಿನ್ನ ಅಂಗಡಿಯ ಹೆಸರಿಗೆ ಬೇರೆ ಟ್ರೇಡ್‌ಮಾರ್ಕ್ ಹಾಕು. "ಇಳಕಲ್ ಸೀರೆ" ಎಂಬುದನ್ನು ನಿನ್ನ ಬ್ರ್ಯಾಂಡ್ ಮಾಡಿಕೊಳ್ಳಲು ಬರುವುದಿಲ್ಲ, ಅದು ಊರಿನ ಹೆಸರು, ಊರಿನ ಎಲ್ಲರದ್ದು.

ಸೆರಗು_ಕೊಂಡಿ
3 ಡಿಸೆಂಬರ್, ರಾತ್ರಿ 9:00

ಅತ್ತೆಗೆ ಹೇಳಿದೆ. "ನಲವತ್ತು ವರ್ಷ ನೇಯ್ದಿದ್ದೇನೆ, ಈಗ ಚೆನ್ನೈಯವರು ಬಂದು ನೇಕಾರಳು ಅನ್ನಬೇಕಾ?" ಎಂದರು. ಹತ್ತು ರೂಪಾಯಿ ಎಂದ ಮೇಲೆ ಒಪ್ಪಿದರು.

ಸೆರಗು_ಕೊಂಡಿ
24 ಫೆಬ್ರವರಿ 2026, ರಾತ್ರಿ 10:15

ಹಳೆಯ ಚರ್ಚೆಯನ್ನು ಮತ್ತೆ ಮೇಲೆ ತರುತ್ತಿದ್ದೇನೆ, ಕ್ಷಮಿಸಿ. ಅವರು ಮತ್ತೆ ಬಂದರು. ಈ ಸಲ ಫೋಟೊ ಕದಿಯಲಿಲ್ಲ. ಅತ್ತೆಯ ಹಳೆ ವಿಡಿಯೊ ಇಟ್ಟುಕೊಂಡು ಎಐನಲ್ಲಿ ಹೊಸದು ಮಾಡಿದ್ದಾರೆ. ಅತ್ತೆ ಹಿಂದಿಯಲ್ಲಿ ಮಾತಾಡುತ್ತಾರೆ! "ಬೆಹನೋ, ಸಿರ್ಫ್ 999" ಎನ್ನುತ್ತಾರೆ.

ಅತ್ತೆಗೆ ತೋರಿಸಿದೆ. ಹಿಂದಿಗೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ವಿಡಿಯೊ ನಿಲ್ಲಿಸು ಎಂದರು, ಕನ್ನಡಕ ಹಾಕಿಕೊಂಡು ಮಗ್ಗ ನೋಡಿದರು. ನಮ್ಮಲ್ಲಿ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಮಗ್ಗದ ಮೇಲೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ವಿಡಿಯೊದಲ್ಲಿ ನೀಲಿ ಒಡಲು ತನ್ನಷ್ಟಕ್ಕೆ ಕೆಂಪಾಗಿ ಸೆರಗು ಆಗಿಬಿಡುತ್ತದೆ. ಸೆರಗಿನ ಮೇಲಿನ ಟೋಪ್ ತೆನಿ ವಿನ್ಯಾಸದ ಗೆರೆಗಳು ಅಲ್ಲಾಡುತ್ತವೆ. "ಕೊಂಡಿ ಹಾಕದೆ ಸೆರಗು ಬಂತಲ್ಲ, ನನಗೂ ಕಲಿಸಲು ಹೇಳು" ಎಂದರು.

ಹೊಸ ನಿಯಮ ಬಂದಿದೆಯಂತೆ, ಯಾರಿಗಾದರೂ ಗೊತ್ತಾ?

ಕಪ್ಪುಕೋಟು_ಕಾಕಾ
24 ಫೆಬ್ರವರಿ, ರಾತ್ರಿ 10:50

ಸರಿಯಾದ ವಾರಕ್ಕೆ ಬಂದಿದ್ದೀ. ಐಟಿ ನಿಯಮಗಳ ತಿದ್ದುಪಡಿ ಫೆಬ್ರವರಿ 10ಕ್ಕೆ ಹೊರಬಿತ್ತು, 20ರಿಂದ ಜಾರಿ. ಇಂಥ ಎಐ ವಿಡಿಯೊ ಮೇಲೆ ಕೃತಕ ಎಂಬ ಗುರುತು ಎದ್ದು ಕಾಣಬೇಕು. ಕೋರ್ಟು, ಸರ್ಕಾರದ ಆದೇಶ ಬಂದರೆ 36 ಗಂಟೆ ಇದ್ದದ್ದು ಈಗ ಮೂರೇ ಗಂಟೆ. ಸಾಮಾನ್ಯ ದೂರಿಗೆ 15 ದಿನ ಇದ್ದದ್ದು ಏಳು ದಿನ. ನಿನಗೆ ಆಗ ಉಪಯೋಗ ಆಗಿತ್ತಲ್ಲ, ವೇಷ ಹಾಕಿದವರ ವಿಷಯದ 24 ಗಂಟೆ, ಅದು ಎರಡು ಗಂಟೆಗೆ ಇಳಿದಿದೆ.

ಘಟಪ್ರಭಾ_ದಂಡೆ
24 ಫೆಬ್ರವರಿ, ರಾತ್ರಿ 11:05

ಎರಡು ಗಂಟೆಯಲ್ಲಿ ಮನುಷ್ಯ ಕೂತು ಓದಿ ತೀರ್ಮಾನ ಮಾಡುತ್ತಾನಾ? ಯಂತ್ರವೇ ತೆಗೆಯುತ್ತದೆ. ಗುಮ್ಮಟದ ಅಣ್ಣನ ಅಸಲಿ ಪೇಜು ಹೋದ ಹಾಗೆ ಇನ್ನಷ್ಟು ಹೋಗುತ್ತವೆ. ಅಕ್ಕನಿಗೆ ಒಳ್ಳೆಯದಾಗಲಿ. ನನ್ನ ತಕರಾರು ಹಾಗೇ ಇರಲಿ.

ಕಪ್ಪುಕೋಟು_ಕಾಕಾ
24 ಫೆಬ್ರವರಿ, ರಾತ್ರಿ 11:12

ಇರಲಿ. ನಾನೂ ಅರ್ಧ ನಿನ್ನ ಕಡೆಯೇ.

ಸೆರಗು_ಕೊಂಡಿ
25 ಫೆಬ್ರವರಿ, ಮಧ್ಯಾಹ್ನ 12:30

ಬೆಳಿಗ್ಗೆ 8:10ಕ್ಕೆ ಕಳಿಸಿದೆ. 11:40ಕ್ಕೆ ವಿಡಿಯೊ ಹೋಯಿತು. ಎರಡು ಗಂಟೆ ಅಲ್ಲ, ಮೂರೂವರೆ. ಪೇಜು ಇನ್ನೂ ಇದೆ, ಅದಕ್ಕೆ ಬೇರೆ ದೂರು ಹಾಕಿದ್ದೇನೆ.

ಗುಮ್ಮಟದ_ಪ್ರತಿಧ್ವನಿ
25 ಫೆಬ್ರವರಿ, ಮಧ್ಯಾಹ್ನ 12:41

ದೂರಿನಲ್ಲಿ ಏನು ಬರೆದಿರಿ ಅಕ್ಕಾ? ಹಾಗೇ ಇಲ್ಲಿ ಹಾಕಿ, ನಮಗೂ ಬೇಕಾಗುತ್ತದೆ.

ಸೆರಗು_ಕೊಂಡಿ
25 ಫೆಬ್ರವರಿ, ಮಧ್ಯಾಹ್ನ 1:05

ಹೆಚ್ಚೇನಿಲ್ಲ. "ಈ ವಿಡಿಯೊದಲ್ಲಿ ಇರುವವರು ನಮ್ಮ ಅತ್ತೆ. ಇದನ್ನು ಅವರು ಮಾಡಿಲ್ಲ. ಅವರಿಗೆ ಹಿಂದಿ ಬರುವುದಿಲ್ಲ. ಅವರ ಮುಖ ಬಳಸಿ ಹಣ ಕೇಳುತ್ತಿದ್ದಾರೆ. ಕೃತಕ ಎಂಬ ಗುರುತು ಇಲ್ಲ." ಕೆಳಗೆ ಲಿಂಕ್, ಸಮಯ, ಗುರುತಿನ ಚೀಟಿ, ಅಸಲಿ ವಿಡಿಯೊದ ಲಿಂಕ್. ಕೊಂಡಿಯ ವಿಷಯವನ್ನೂ ಬರೆಯಿರಿ ಎಂದು ಅತ್ತೆ ಹಟ ಹಿಡಿದರು. ಅದನ್ನೂ ಒಂದು ಸಾಲು ಸೇರಿಸಿದೆ.